ಸೂಜಿ ಚುಚ್ಚಿದರೆ ಕಾಲು ಏಳುತ್ತದೆಯೇ?

ಲಕ್ವ ಹೊಡೆದ ಕಾಲು, ಚೀನಾದ ಸೂಜಿ, ಚನ್ನಪಟ್ಟಣದ ಮೂರು ಗಾಲಿ ಗಾಡಿ... ಒಂದು ವಿಚಾರಣೆ!

ಚಿತ್ರರಸಿಕರೇ, ಈ ಸೀನು ನೀವು ನೂರು ಸಲ ನೋಡಿದ್ದೀರಿ.

ನಾಯಕನ ತಾಯಿ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಮೊದಲನೇ ರೀಲಿನಲ್ಲಿ ಕೆಟ್ಟ ಸುದ್ದಿ ಕೇಳಿ ಕುಸಿದವಳು, ಆಮೇಲೆ ಹದಿಮೂರು ರೀಲು ಕಾಲು ಅಲ್ಲಾಡಿಸಿಲ್ಲ, ತುಟಿ ಬಿಚ್ಚಿಲ್ಲ. ಕ್ಲೈಮ್ಯಾಕ್ಸಿನಲ್ಲಿ ಖಳನಾಯಕ ಮಗನ ಎದೆಗೆ ಪಿಸ್ತೂಲು ಹಿಡಿಯುತ್ತಾನೆ. ಗುಡಿಯ ಗಂಟೆ ಢಣಢಣ! ದೇವರ ಮುಖದ ಕ್ಲೋಸಪ್ಪು, ತಾಯಿಯ ಪಾದದ ಕ್ಲೋಸಪ್ಪು... ಹೆಬ್ಬೆರಳು ಅಲ್ಲಾಡಿತು! ತಾಯಿ ಎದ್ದೇ ನಿಂತಳು! ‘ಮಗಾ...!’ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ, ಬಾಲ್ಕನಿಯಲ್ಲಿ ಕರ್ಚೀಫು.

ತೆರೆಯ ಮೇಲೆ ಇದು ತಪ್ಪೇನೂ ಅಲ್ಲ. ಎರಡೂವರೆ ಗಂಟೆಯಲ್ಲಿ ಕಥೆ ಮುಗಿಸಬೇಕಾದ ನಿರ್ದೇಶಕ ತಾಯಿಗೆ ಆರು ತಿಂಗಳು ಕಸರತ್ತು ಮಾಡಿಸುತ್ತಾ ಕೂತರೆ ಪ್ರೇಕ್ಷಕ ಮಹಾಶಯ ಸುಮ್ಮನಿರುತ್ತಾನೆಯೇ? ಕಷ್ಟ ಶುರುವಾಗೋದು ಈ ಸೀನು ಥಿಯೇಟರ್ ಬಿಟ್ಟು ನಮ್ಮ ಮನೆಗೆ ಬಂದಾಗ. ಮನೆಯ ಹಿರಿಯರಿಗೆ ಲಕ್ವ ಹೊಡೆದಿದೆ, ಒಂದು ಕಾಲು ಏಳುತ್ತಿಲ್ಲ. ಮನೆಯವರೆಲ್ಲ ಒಂದು ಪವಾಡಕ್ಕೆ ಕಾಯುತ್ತಾ ಕೂರುತ್ತಾರೆ. ಮೊದಲು ಆ ಪವಾಡ ಎಣ್ಣೆ, ಸೊಪ್ಪು, ಪಾರಿವಾಳದ ರಕ್ತದ ರೂಪದಲ್ಲಿ ಬರುತ್ತಿತ್ತು. ಈಗ ಸೂಜಿಯ ರೂಪದಲ್ಲೂ ಬರುತ್ತಿದೆ. ‘ಅಕ್ಯುಪಂಕ್ಚರ್ ಮಾಡಿಸಿ, ಎದ್ದು ಓಡಾಡ್ತಾರೆ’ ಅನ್ನೋರು ಬಸ್‌ಸ್ಟ್ಯಾಂಡಿನ ಕಾಫಿ ಅಂಗಡಿಯಲ್ಲೂ ಸಿಗುತ್ತಾರೆ.

ನಿಜವೇ? ಸೂಜಿ ಚುಚ್ಚಿದರೆ ಕಾಲು ಏಳುತ್ತದೆಯೇ? ಪಿಯುಸಿಗೇ ಪುಸ್ತಕ ಮಡಚಿಟ್ಟ ನಾನು ಡಾಕ್ಟರಲ್ಲ. ಆದರೆ ನಮ್ಮ ಮನೆಯಲ್ಲೇ ಈ ಪ್ರಶ್ನೆ ಎದ್ದಿತ್ತು. ಕೇಳಿದೆ, ನೋಡಿದೆ, ಓದಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಪರದೆ ಒರೆಸಿದರೆ ಚಿತ್ರ ಬರುತ್ತದೆಯೇ?

ಮೊದಲು ಒಂದು ಮಾತು ತಿಳ್ಕೊಳ್ಳೋಣ. ಲಕ್ವ ಹೊಡೆಯೋದು ಕಾಲಿಗಲ್ಲ, ಮಿದುಳಿಗೆ!

ಥಿಯೇಟರಿನಲ್ಲಿ ಚಿತ್ರ ಓಡುತ್ತಿರುವಾಗ ಪರದೆ ಇದ್ದಕ್ಕಿದ್ದಂತೆ ಅರ್ಧ ಕಪ್ಪಾಯಿತು ಅಂತಿಟ್ಟುಕೊಳ್ಳಿ. ಯಾರಾದರೂ ಏಣಿ ಹಾಕಿ ಪರದೆ ಒರೆಸುತ್ತಾರೆಯೇ? ಹಿಂದಕ್ಕೆ ತಿರುಗಿ ಪ್ರೊಜೆಕ್ಟರ್ ರೂಮಿನ ಕಡೆ ನೋಡುತ್ತಾರೆ. ಕಾಲು ಪರದೆ, ಮಿದುಳು ಪ್ರೊಜೆಕ್ಟರ್. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಗರಣೆ ಸಿಕ್ಕಿಕೊಂಡರೆ, ಇಲ್ಲವೇ ನಾಳವೇ ಒಡೆದು ರಕ್ತ ಸುರಿದರೆ, ಆ ಭಾಗ ಸಾಯತೊಡಗುತ್ತದೆ. ಎಡಮಿದುಳು ಕೆಟ್ಟರೆ ಬಲಗೈ, ಬಲಗಾಲು. ಬಲಮಿದುಳು ಕೆಟ್ಟರೆ ಎಡಗೈ, ಎಡಗಾಲು. ಕಾಲಿನ ಮೂಳೆ, ಮಾಂಸ ಎಲ್ಲ ಇದ್ದ ಹಾಗೇ ಇದೆ. ಮೇಲಿನಿಂದ ಬರಬೇಕಾದ ಅಪ್ಪಣೆ ಮಾತ್ರ ಬರುತ್ತಿಲ್ಲ.

ಗರಣೆಯಿಂದ ಆದದ್ದಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಯಾಕೆಂದರೆ ನಾಳ ಒಡೆದವರಿಗೆ ಅದೇ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕೆಲವು ರೋಗಿಗಳಲ್ಲಿ ನಾಳದೊಳಗೆ ತಂತಿ ತೂರಿಸಿ ಗರಣೆಯನ್ನೇ ಎಳೆದು ತೆಗೆಯುತ್ತಾರೆ. ಆಯ್ದ ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡುವುದುಂಟು. ಆದರೂ ಬೇಗ ಹೋದವರೇ ಜಾಣರು.

ನಮ್ಮೂರಿಗೆ ಇದು ಗೊತ್ತಿರುವ ಸಂಗತಿ. 2023ರ ಆಗಸ್ಟ್ 30ರಂದು ಎಚ್.ಡಿ. ಕುಮಾರಸ್ವಾಮಿಯವರು ಪಾರ್ಶ್ವವಾಯುವಿನ ಲಕ್ಷಣ ಕಂಡು ಬೆಂಗಳೂರು ಜಯನಗರದ ಅಪೋಲೊ ಆಸ್ಪತ್ರೆ ಸೇರಿದರು. ಆಗ ಅವರು ಚನ್ನಪಟ್ಟಣದ ಶಾಸಕರು. ನಮ್ಮ ಚಿತ್ರರಸಿಕರಿಗಂತೂ ‘ಸೂರ್ಯವಂಶ’, ‘ಚಂದ್ರ ಚಕೋರಿ’ಯ ನಿರ್ಮಾಪಕರು! ಸೆಪ್ಟೆಂಬರ್ 3ರಂದು ಮನೆಗೆ ಹೊರಟಾಗ ಅವರು ಜನರಿಗೆ ಹೇಳಿದ್ದೂ ಅದೇ: ಲಕ್ಷಣ ಕಂಡರೆ ತಡ ಮಾಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ರಾಜಕೀಯದಲ್ಲಿ ಯಾರು ಯಾವ ಪಾರ್ಟಿಯಾದರೂ ಇರಲಿ, ಈ ಮಾತಿಗೆ ಮಾತ್ರ ಎಲ್ಲರೂ ಓಟು ಹಾಕಬೇಕು.

ಮುಖ ಒಂದು ಕಡೆ ವಾಲಿತೇ? ಎರಡೂ ಕೈ ಎತ್ತಿಸಿದರೆ ಒಂದು ಕೈ ಕೆಳಗೆ ಬೀಳುತ್ತಿದೆಯೇ? ಮಾತು ತೊದಲುತ್ತಿದೆಯೇ? ಇಷ್ಟಾದರೆ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಬಾಯಿಗೆ ಕಾಫಿ, ನೀರು, ಮಾತ್ರೆ ಏನೂ ಹಾಕಬೇಡಿ. ನುಂಗಲಾಗದೆ ಶ್ವಾಸನಾಳಕ್ಕೆ ಇಳಿದರೆ ಅದೇ ಇನ್ನೊಂದು ಗಂಡಾಂತರ. ಆ ಹೊತ್ತಿನಲ್ಲಿ ಸೂಜಿಯವರ ಮನೆಗೆ ಹೋಗೋದಂತೂ ಬೇಡವೇ ಬೇಡ. ಸೂಜಿಯ ಪಾತ್ರ ಏನಾದರೂ ಇದ್ದರೆ ಅದು ಇಂಟರ್ವಲ್ ಆದ ಮೇಲೆ.

ಮಾವನ ಕಾಲು

ಇಂಟರ್ವಲ್ ಆದ ಮೇಲಿನ ಕಥೆಯನ್ನು ನಾನು ನೋಡಿದ್ದು ನಮ್ಮ ಸೋದರಮಾವನ ಮನೆಯಲ್ಲಿ.

ಮಾವ ಬೊಂಬೆ ಕೆಲಸದವರು. ಆಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿ ಹಿಡಿದು ಹದವಾಗಿ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ಗರಿ ಹಿಡಿದು ಮಿರುಗು ಕೊಟ್ಟರೆ ಬೊಂಬೆ ಕನ್ನಡಿ ಹಾಗೆ ಹೊಳೆಯಬೇಕು. ನಲವತ್ತು ವರ್ಷ ಹಾಗೇ ದುಡಿದ ಜೀವ. ಒಂದು ಬೆಳಿಗ್ಗೆ ಎಡಗೈ, ಎಡಗಾಲು ಎರಡೂ ಸೋತುಹೋದವು. ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು. ಮನೆಗೆ ಬಂದಾಗ ಕೈಯಲ್ಲಿ ಸ್ವಲ್ಪ ಚಲನೆ ಇತ್ತು. ಕಾಲು ಮಾತ್ರ ಹಾಸಿಗೆಯ ಮೇಲೆ ಯಾರದೋ ಕಾಲಿನ ಹಾಗೆ ಬಿದ್ದಿತ್ತು.

ಬಂದವರು ಒಬ್ಬೊಬ್ಬರೂ ಒಂದೊಂದು ವಿಳಾಸ ಕೊಟ್ಟರು. ಅದರಲ್ಲಿ ಸೂಜಿ ಹಾಕುವವರೊಬ್ಬರು ಮನೆಗೇ ಬಂದು ಮಾವನ ನಾಡಿ ಹಿಡಿದರು. ಹೆಸರು ಬೇಡ, ಊರೂ ಬೇಡ. ‘ಇಪ್ಪತ್ತೊಂದು ಸಲ ಸೂಜಿ. ಅಲ್ಲೀತನಕ ಕಸರತ್ತು ನಿಲ್ಲಿಸಿ, ನರ ದಣೀತದೆ. ಬಿ.ಪಿ. ಮಾತ್ರೆಯೂ ನಿಲ್ಲಿಸಿ, ಅದು ಸೂಜಿಗೆ ಅಡ್ಡ ಬತ್ತದೆ. ಕಾಲು ತಾನಾಗೇ ಏಳ್ತದೆ’ ಅಂದರು. ಹಣ ಮುಂಗಡ!

ಮಾವನ ಕಣ್ಣಲ್ಲಿ ಆಸೆ. ನಂಟರ ಕಣ್ಣಲ್ಲಿ ಸಿನಿಮಾದ ಆ ಕ್ಲೈಮ್ಯಾಕ್ಸು. ಅಡ್ಡ ನಿಂತವರು ನಮ್ಮತ್ತೆ, ಸಹಿ ಮಾಡೋದಕ್ಕಿಂತ ಹೆಚ್ಚು ಓದದ ಹೆಂಗಸು. ಅವರಂದದ್ದು ಇಷ್ಟೇ: ‘ತಾನಾಗೇ ಏಳೋ ಕಾಲಾದ್ರೆ ಇಷ್ಟು ದಿನ ಯಾಕಪ್ಪ ಎದ್ದಿಲ್ಲ? ಸೂಜಿ ಬೇಕಾದ್ರೆ ಆಮೇಲ್ ನೋಡಾಣ. ಮಾತ್ರೆ ನಿಲ್ಲಿಸಕ್ಕಿಲ್ಲ, ನಡೆಸೋದೂ ನಿಲ್ಲಿಸಕ್ಕಿಲ್ಲ.’

ಡಾಕ್ಟರೇಟ್ ಕೊಡಬೇಕಾದ ಮಾತು! ಯಾಕೆ ಅನ್ನೋದು ಮುಂದೆ ನಿಮಗೇ ಗೊತ್ತಾಗುತ್ತದೆ. ಒಮ್ಮೆ ಲಕ್ವ ಹೊಡೆದವರಿಗೆ ಮತ್ತೆ ಹೊಡೆಯುವ ಅಪಾಯ ಹೆಚ್ಚು. ಅದನ್ನು ತಡೆಯುವ ಮೊದಲ ಕಾವಲುಗಾರ ಬಿ.ಪಿ. ಮಾತ್ರೆ. ಅದನ್ನು ನಿಲ್ಲಿಸು ಅನ್ನುವವರು ಯಾವ ಪದ್ಧತಿಯವರೇ ಆಗಲಿ, ಅವರ ಚಪ್ಪಲಿ ಎಲ್ಲಿದೆ ಅಂತ ವಿನಯದಿಂದ ತೋರಿಸಿಬಿಡಿ.

ಕೋಟ್ನಿಸ್ ಕಥೆಯಿಂದ ಬಂದ ಸೂಜಿ

ಹಾಗಂತ ಅಕ್ಯುಪಂಕ್ಚರ್ ಅಂದರೆ ಬರೀ ಬುರುಡೆ ಅಂತ ತೀರ್ಪು ಕೊಟ್ಟರೂ ತಪ್ಪಾಗುತ್ತದೆ. ಈ ಸೂಜಿ ನಮ್ಮ ದೇಶಕ್ಕೆ ಬಂದ ಕಥೆಯಲ್ಲೂ ಸಿನಿಮಾ ಇದೆ!

1946ರಲ್ಲಿ ವಿ. ಶಾಂತಾರಾಮ್ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ತೆಗೆದರು. ತಾವೇ ಕೋಟ್ನಿಸ್ ಆದರು, ಜಯಶ್ರೀ ಚೀನೀ ಹೆಂಡತಿಯಾದರು. ನಿಜವಾದ ದ್ವಾರಕಾನಾಥ ಕೋಟ್ನಿಸ್ ನಮ್ಮ ಗಡಿಯಾಚೆಯ ಸೊಲ್ಲಾಪುರದವರು, ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ ಊರಿನವರು. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಅವರೊಬ್ಬರು. ಹಗಲುರಾತ್ರಿ ಗಾಯಾಳುಗಳಿಗೆ ಆಪರೇಷನ್ ಮಾಡಿ, 1942ರ ಡಿಸೆಂಬರ್ 9ರಂದು ಅಲ್ಲೇ ಕಣ್ಣು ಮುಚ್ಚಿದರು. ಆಗ ವಯಸ್ಸು ಬರೀ 32.

ಕೋಟ್ನಿಸ್ ಶಸ್ತ್ರಚಿಕಿತ್ಸಕರು, ಸೂಜಿಯವರಲ್ಲ. ಆ ಐವರಲ್ಲಿ ಬದುಕಿ ಬಂದ ಕಲ್ಕತ್ತೆಯ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದರು. ನಮ್ಮ ದೇಶದಲ್ಲಿ ಅದು ಹರಡಿದ್ದು ಅವರಿಂದ. 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದನ್ನು ಒಂದು ಸ್ವತಂತ್ರ ಚಿಕಿತ್ಸೆ ಅಂತ ಒಪ್ಪಿಕೊಂಡಿತು. ನಮ್ಮ ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿ.ಎನ್.ವೈ.ಎಸ್. ಪದವಿ ಓದುವವರಿಗೆ ಇದೂ ಒಂದು ಪಾಠ. ಉಜಿರೆಯ ಎಸ್.ಡಿ.ಎಂ. ಕಾಲೇಜು 1989ರಿಂದ ಅಂಥ ವೈದ್ಯರನ್ನು ತಯಾರು ಮಾಡುತ್ತಿದೆ.

ನಮ್ಮ ಮಾವನಿಗೂ ಕಡೆಗೆ ಸೂಜಿ ಹಾಕಿದವರು ಅಂಥ ಓದಿದ ವೈದ್ಯೆಯೇ. ಆಸ್ಪತ್ರೆಯ ಚೀಟಿಯನ್ನೆಲ್ಲ ಓದಿ, ರಕ್ತ ತೆಳು ಮಾಡುವ ಮಾತ್ರೆ ಯಾವುದು ತಗೋತಿದ್ದೀರಿ ಅಂತ ಕೇಳಿ, ಕಸರತ್ತು ಬಿಡಬೇಡಿ ಅಂತ ಎಚ್ಚರಿಕೆ ಕೊಟ್ಟೇ ಶುರು ಮಾಡಿದರು.

ನಾನು ಪಕ್ಕದಲ್ಲೇ ಕೂತು ನೋಡಿದೆ. ಸೂಜಿ ಅಂದರೆ ಇಂಜೆಕ್ಷನ್ ಸೂಜಿಯಲ್ಲ. ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ಒಳಗೆ ಔಷಧಿಯೂ ಇಲ್ಲ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಳೆದು, ಮೊಣಕಾಲ ಮೂಳೆಯ ಹೊರಮಗ್ಗುಲಿಗೆ ಒಂದು. ಚೀನೀಯರು ಅದಕ್ಕೆ ಝುಸಾನ್ಲಿ ಅನ್ನುತ್ತಾರೆ. ಅದೇ ರೀತಿ ಮಂಡಿಯ ಪಕ್ಕ, ಪಾದದ ಹತ್ತಿರ, ಕೈಯಲ್ಲಿ. ಕೆಲವು ಸಲ ಎರಡು ಸೂಜಿಗೆ ಸಣ್ಣ ವಿದ್ಯುತ್ ಹರಿಸುತ್ತಾರೆ, ಆಗ ಮಾಂಸಖಂಡ ಪಟಪಟ ಅಂತ ಮಿಡಿಯುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ತೆಗೆದರೆ ರಕ್ತದ ಹನಿಯೂ ಕಾಣದಷ್ಟು.

ಇದರಿಂದ ಆಗುವುದೇನು? ‘ಚಿ’ ಅನ್ನುವ ಪ್ರಾಣಶಕ್ತಿ ಹರಿಯುತ್ತದೆ ಅನ್ನೋದು ಚೀನೀ ಪದ್ಧತಿಯ ವಿವರಣೆ. ಈಗಿನ ವೈದ್ಯರು ಹೇಳೋದು ಬೇರೆ: ಚರ್ಮ, ಮಾಂಸಖಂಡದ ನರ ಕೆರಳುತ್ತದೆ, ಸುದ್ದಿ ಮಿದುಳಿಗೆ ಹೋಗುತ್ತದೆ, ಬಿಗಿದ ಮಾಂಸಖಂಡ ಸ್ವಲ್ಪ ಸಡಿಲಾಗಬಹುದು, ನೋವು ಕಡಿಮೆಯಾಗಬಹುದು. ‘ಬಹುದು’ ಅನ್ನೋ ಮಾತಿಗೆ ಗೆರೆ ಎಳೆದುಕೊಳ್ಳಿ.

ಮೊದಲ ವಾರ ಹೌಸ್‌ಫುಲ್, ಆಮೇಲೆ?

ಈ ‘ಬಹುದು’ ಎಷ್ಟು ಗಟ್ಟಿ? ಸ್ವೀಡನ್ ದೇಶದಲ್ಲಿ ನಡೆದದ್ದು ಕೇಳಿ. 1993ರಲ್ಲಿ 78 ಜನ ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ ಬಂತು. ಎಲ್ಲರಿಗೂ ಕಸರತ್ತು, ಅರ್ಧ ಜನಕ್ಕೆ ಜೊತೆಗೆ ಸೂಜಿ. ಸೂಜಿ ಹಾಕಿಸಿಕೊಂಡವರು ನಡಿಗೆಯಲ್ಲೂ ದಿನದ ಕೆಲಸದಲ್ಲೂ ಮುಂದೆ ಬಂದರು! ಭಲೇ ಅಂದರು ಎಲ್ಲರೂ. ಅದೇ ದೇಶದವರು ಮತ್ತೆ 150 ಜನರನ್ನು ಸೇರಿಸಿ, ಇನ್ನೂ ಬಿಗಿಯಾಗಿ ಪರೀಕ್ಷೆ ಮಾಡಿದರು. 2001ರಲ್ಲಿ ಅದರ ವರದಿ ಬಂದಾಗ ಸೂಜಿಯವರಿಗೂ ಉಳಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಸಿಗಲಿಲ್ಲ. ಮೊದಲ ವಾರ ಹೌಸ್‌ಫುಲ್ ಬೋರ್ಡು ನೋಡಿ ಶತದಿನೋತ್ಸವ ಘೋಷಿಸಬಾರದು ಅನ್ನೋದು ನಮ್ಮ ಗಾಂಧಿನಗರಕ್ಕೆ ಮಾತ್ರ ಸೇರಿದ ನೀತಿಯಲ್ಲ!

ಕೊಕ್ರೇನ್ ಅನ್ನುವ ಸಂಸ್ಥೆ ಒಂದಿದೆ. ಜಗತ್ತಿನ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ತೂಗುವುದೇ ಅದರ ಕೆಲಸ. ಅದು 2016ರಲ್ಲಿ 31 ಪರೀಕ್ಷೆ, 2,257 ರೋಗಿಗಳ ಲೆಕ್ಕ ನೋಡಿತು. ಸೂಜಿಯಿಂದ ಉಪಯೋಗವಾಗುತ್ತಿರುವ ಹಾಗೆ ಕಾಣುತ್ತದೆ, ಆದರೆ ಹೆಚ್ಚಿನ ಪರೀಕ್ಷೆಗಳೇ ಸರಿಯಾಗಿ ನಡೆದಿಲ್ಲ, ಆದ್ದರಿಂದ ಖಚಿತವಾಗಿ ಹೇಳುವ ಹಾಗಿಲ್ಲ ಅಂತ ತೀರ್ಮಾನ ಕೊಟ್ಟಿತು.

ಹಾಗಾದರೆ ‘ನಮ್ಮೋರಿಗೆ ವಾಸಿ ಆಯ್ತು’ ಅನ್ನೋ ಜನ ಸುಳ್ಳು ಹೇಳ್ತಾರಾ? ಇಲ್ಲ. ಇಲ್ಲೇ ಇರೋದು ಗುಟ್ಟು. ಮುಖದ ಒಂದೇ ನರ ಊದಿ ಬಾಯಿ ಸೊಟ್ಟಗಾಗುವ ಕಾಯಿಲೆ ಒಂದಿದೆ. ಅದಕ್ಕೂ ಜನ ಲಕ್ವ ಅಂತಲೇ ಅನ್ನುತ್ತಾರೆ. ಅದು ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗೇ ಸರಿಹೋಗುತ್ತದೆ. ಮಿದುಳಿನ ಲಕ್ವದಲ್ಲೂ ಮೊದಲ ಮೂರು ತಿಂಗಳು ಚೇತರಿಕೆಯ ವೇಗ ಹೆಚ್ಚು. ಊತ ಇಳಿಯುತ್ತದೆ, ಉಳಿದ ಮಿದುಳು ಹೊಸ ದಾರಿ ಹುಡುಕುತ್ತದೆ. ಆ ಹೊತ್ತಿನಲ್ಲಿ ಯಾರು ಪಕ್ಕದಲ್ಲಿದ್ದರೋ ಅವರಿಗೇ ಹಾರ! ಸೊಪ್ಪಿನವರಿದ್ದರೆ ಸೊಪ್ಪಿಗೆ, ಸೂಜಿಯವರಿದ್ದರೆ ಸೂಜಿಗೆ.

ತಂತಾನೇ ಆಗೋ ಈ ಚೇತರಿಕೆ ಒಂದು ಹಂತಕ್ಕೆ ಬಂದು ನಿಧಾನವಾಗುತ್ತದೆ. ಅಲ್ಲಿಂದ ಮುಂದಕ್ಕೆ ತಳ್ಳುವುದು ಯಾರು? ಅದಕ್ಕೆ ಉತ್ತರ ಒಬ್ಬಳು ನಟಿ ಕೊಟ್ಟಿದ್ದಾಳೆ.

ಆಸ್ಕರ್ ನಟಿ, ಅಕ್ಕಪಕ್ಕದ ಮನೆಯವರು

ಪೆಟ್ರೀಷಿಯಾ ನೀಲ್. ‘ಹಡ್’ ಚಿತ್ರದ ನಟನೆಗೆ ಶ್ರೇಷ್ಠ ನಟಿಯ ಆಸ್ಕರ್ ಗೆದ್ದ ಹಾಲಿವುಡ್ ತಾರೆ. 1965ರ ಫೆಬ್ರವರಿಯಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗಲೇ ಮಿದುಳಿನ ರಕ್ತನಾಳ ಒಡೆಯಿತು. ಮೂರು ವಾರ ಪ್ರಜ್ಞೆಯಿಲ್ಲ. ಎಚ್ಚರವಾದಾಗ ಬಲಭಾಗ ಬಿದ್ದುಹೋಗಿತ್ತು, ಮಾತೇ ಹೊರಡುತ್ತಿರಲಿಲ್ಲ. ಆದರೂ ಆಗಸ್ಟಿನಲ್ಲಿ ಆರೋಗ್ಯವಂತ ಹೆಣ್ಣುಮಗು ಹುಟ್ಟಿತು.

ಗಂಡ ರೋಲ್ಡ್ ಡಾಲ್ ಹೆಸರಾಂತ ಮಕ್ಕಳ ಕಥೆಗಾರ. ಅವರು ಪವಾಡಕ್ಕೆ ಕಾಯಲಿಲ್ಲ. ಇಂಗ್ಲೆಂಡಿನ ತಮ್ಮ ಹಳ್ಳಿಗೆ ಕರೆತಂದು, ಅಕ್ಕಪಕ್ಕದ ಮನೆಯವರನ್ನು ಸರದಿ ಹಾಕಿ ಕೂರಿಸಿದರು. ದಿನಕ್ಕೆ ಆರು ಗಂಟೆ ಪಾಠ! ಮಾತು, ಲೆಕ್ಕ, ಓದು, ನಡಿಗೆ. ಬೇಕಾದ ವಸ್ತುವಿನ ಹೆಸರು ಬಾಯಿಬಿಟ್ಟು ಹೇಳುವ ತನಕ ಕೊಡುತ್ತಿರಲಿಲ್ಲವಂತೆ. ಕಟುಕ ಅಂದವರೂ ಇದ್ದರು. ಆದರೆ 1968ರಲ್ಲಿ ‘ದಿ ಸಬ್ಜೆಕ್ಟ್ ವಾಸ್ ರೋಸಸ್’ ತೆರೆಗೆ ಬಂದಾಗ ಪೆಟ್ರೀಷಿಯಾ ಮತ್ತೆ ಕ್ಯಾಮೆರಾ ಮುಂದಿದ್ದಳು, ಮತ್ತೆ ಆಸ್ಕರ್‌ಗೆ ಹೆಸರು ಸೂಚಿತವಾಗಿತ್ತು. 1978ರಲ್ಲಿ ಅಮೆರಿಕದ ನಾಕ್ಸ್‌ವಿಲ್‌ನಲ್ಲಿ ಅವಳ ಹೆಸರಿನಲ್ಲೇ ಇಂಥ ರೋಗಿಗಳ ಪುನಶ್ಚೇತನ ಕೇಂದ್ರ ತೆರೆಯಿತು. 2010ರವರೆಗೂ ಬಾಳಿದಳು.

ಈ ಕಥೆಯಲ್ಲಿ ಕ್ಲೈಮ್ಯಾಕ್ಸೇ ಇಲ್ಲ ನೋಡಿ. ಬರೀ ರಿಹರ್ಸಲ್, ರಿಹರ್ಸಲ್, ರಿಹರ್ಸಲ್!

ನಾವೇನು ಹಾಲಿವುಡ್ಡೇ, ದೊಡ್ಡ ಯಂತ್ರ ಎಲ್ಲಿಂದ ತರೋದು ಅಂತೀರಾ? ಅದಕ್ಕೂ ಉತ್ತರ ಇದೆ. ಅಮೆರಿಕದಲ್ಲಿ 408 ರೋಗಿಗಳನ್ನು ಪಾಲು ಮಾಡಿ, ಕೆಲವರನ್ನು ಸೊಂಟಕ್ಕೆ ಪಟ್ಟಿ ಕಟ್ಟಿ ನಡಿಗೆ ಯಂತ್ರದ ಮೇಲೆ ನಡೆಸಿದರು. ಇನ್ನು ಕೆಲವರಿಗೆ ಫಿಸಿಯೋಥೆರಪಿಯವರು ಮನೆಗೇ ಹೋಗಿ ಕಸರತ್ತು ಮಾಡಿಸಿದರು. 36 ಸಲ, 12ರಿಂದ 16 ವಾರ. 2011ರಲ್ಲಿ ಫಲಿತಾಂಶ ಬಂತು: ವರ್ಷ ತುಂಬುವ ಹೊತ್ತಿಗೆ ಶೇಕಡ 52 ಜನರ ನಡಿಗೆ ಒಂದು ಹಂತ ಮೇಲೇರಿತ್ತು. ಯಂತ್ರದವರಿಗೂ ಮನೆಯವರಿಗೂ ವ್ಯತ್ಯಾಸವಿಲ್ಲ!

ಹಾಗಾದರೆ ಮನೆಯವರೇ ಸಾಕು, ಫಿಸಿಯೋಥೆರಪಿಯವರು ಯಾಕೆ? ಸ್ವಲ್ಪ ತಾಳಿ. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಅದನ್ನೂ ಪರೀಕ್ಷೆ ಮಾಡಿದ್ದಾರೆ. ಮನೆಯವರಿಗೇ ತರಬೇತಿ ಕೊಟ್ಟು ಕಳಿಸಿದರು. ಆರು ತಿಂಗಳ ಮೇಲೆ ನೋಡಿದರೆ ಮಾಮೂಲಿ ಚಿಕಿತ್ಸೆಯವರಿಗಿಂತ ಹೆಚ್ಚೇನೂ ಫಲ ಸಿಕ್ಕಿರಲಿಲ್ಲ. ವರದಿ ಬಂದದ್ದು 2017ರಲ್ಲಿ. ಯಂತ್ರ ಇಲ್ಲದಿದ್ದರೂ ನಡೆಯುತ್ತದೆ, ತಿಳಿದವರ ಕಣ್ಣು ಮಾತ್ರ ಬೇಕೇ ಬೇಕು ಅಂತ ನಾನು ಅರ್ಥ ಮಾಡಿಕೊಂಡೆ.

ಅಂಬೆಗಾಲಿನಿಂದ ಆರಂಭ

ಆ ತಿಳಿದ ಕಣ್ಣು ಮಾವನ ಮನೆಗೆ ಬಂದದ್ದು ಸ್ಕೂಟರಿನಲ್ಲಿ. ಇಪ್ಪತ್ತೈದರ ಹುಡುಗಿ, ಫಿಸಿಯೋಥೆರಪಿ ಓದಿದಾಕೆ. ಮಾವ ‘ಏನವ್ವಾ, ನನ್ ಕಾಲು ಯಾವತ್ತು ಏಳ್ತದೆ?’ ಅಂದರು. ಆಕೆ ನಗುತ್ತಾ, ‘ಕಾಲು ಆಮೇಲೆ ಅಪ್ಪಾಜಿ, ಮೊದ್ಲು ಮಗ್ಗುಲಾಗಿ’ ಅಂದಳು!

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೆ ನೀವು ಹೋಗಿರಬಹುದು, ಚನ್ನಪಟ್ಟಣದಿಂದ ಮೈಸೂರು ಕಡೆಗೆ ಕೂಗಳತೆಯ ದೂರ. ಅಲ್ಲಿ ಅಂಬೆಗಾಲಿಡುವ ಕೃಷ್ಣನಿದ್ದಾನೆ. ದೇವರೇ ಆದರೂ ಮೊದಲು ಅಂಬೆಗಾಲು, ಆಮೇಲೆ ನಡಿಗೆ. ಲಕ್ವ ಹೊಡೆದವರ ಪಾಠವೂ ಹಾಗೇ, ಮಗುವಿನ ಪಠ್ಯಪುಸ್ತಕ. ಮಗ್ಗುಲಾಗುವುದು, ಮಲಗಿಯೇ ಮಂಡಿ ಮಡಚಿ ಸೊಂಟ ಎತ್ತುವುದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು, ಕುರ್ಚಿಯಿಂದ ಏಳುವುದು, ಕೂರುವುದು, ಏಳುವುದು. ನಿಂತ ಮೇಲೆ ಭಾರವನ್ನೆಲ್ಲ ಒಳ್ಳೇ ಕಾಲಿನ ಮೇಲೆ ಹಾಕದೆ ಸೋತ ಕಾಲಿಗೂ ಪಾಲು ಕೊಡುವುದು. ಆಮೇಲೆ ಹೆಜ್ಜೆ.

ಇದನ್ನೂ ಅವಸರದಲ್ಲಿ ಮಾಡುವ ಹಾಗಿಲ್ಲ. ಲಕ್ವ ಹೊಡೆದ ಮೊದಲ 24 ಗಂಟೆಯಲ್ಲೇ ಎಬ್ಬಿಸಿ ಎಬ್ಬಿಸಿ ನಿಲ್ಲಿಸಿದರೆ ಲಾಭಕ್ಕಿಂತ ನಷ್ಟ ಅಂತ 2015ರ ಒಂದು ದೊಡ್ಡ ಪರೀಕ್ಷೆ ತೋರಿಸಿದೆ. ಯಾವಾಗ, ಎಷ್ಟು ಅನ್ನೋದನ್ನು ಆಸ್ಪತ್ರೆಯವರೇ ಹೇಳಬೇಕು.

ಹೆಜ್ಜೆ ಶುರುವಾದಾಗ ಮಾವನ ಪಾದದ ತುದಿ ಜೋತು ಬೀಳುತ್ತಿತ್ತು, ನೆಲಕ್ಕೆ ತಾಕುತ್ತಿತ್ತು. ಅದು ತಾಕಬಾರದು ಅಂತ ಕಾಲನ್ನು ಅರ್ಧಚಂದ್ರದ ಹಾಗೆ ಸುತ್ತಿಸಿ ಹಾಕುತ್ತಿದ್ದರು. ಅದಕ್ಕೆ ಆಕೆ ಹಗುರವಾದ ಪಾದಪಟ್ಟಿ ಕೊಡಿಸಿದಳು. ಕೋಲು ಒಳ್ಳೇ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಎಬ್ಬಿಸುವವರು ಸೋತ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತದೆ. ಸೊಂಟದ ಹತ್ತಿರ ಹಿಡಿಯಬೇಕು.

ಸೂಜಿಯ ದಿನ ಬೇರೆ ಇತ್ತು, ವಾರಕ್ಕೆರಡು ಸಲ. ಕ್ರಮೇಣ ಒಂದು ಜಾಣತನ ಕಂಡುಕೊಂಡರು. ಸೂಜಿ ತೆಗೆದ ಕೂಡಲೇ ಮಲಗುವ ಬದಲು ಎದ್ದು ನಡೆಯುವುದು. ಬಿಗಿದ ಮೀನಖಂಡ ಆಗ ಸ್ವಲ್ಪ ಮಾತು ಕೇಳುತ್ತಿತ್ತು ಅನ್ನೋದು ಮಾವನ ಅನುಭವ. ನಾನು ಒಂದು ದಿನ ಕೇಳಿದೆ, ‘ಮಾವ, ಯಾವುದ್ರಿಂದ ಗುಣ ಕಂಡ್ತು?’ ಅವರು ಯೋಚಿಸಿ ಹೇಳಿದರು: ‘ಸೂಜಿ ಹಾಕ್ದಾಗ ಕಾಲು ಹಗುರಾಯ್ತದೆ ಕಣ್ಲಾ. ಆದ್ರೆ ಹೆಜ್ಜೆ ಹಾಕಾದು ಅದು ಹೇಳ್ಕೊಡಾಕಿಲ್ಲ. ಲೇತು ತಿರುಗ್ಸಿದ್ರೆ ಮರ ತಿರುಗ್ತದೆ, ಬೊಂಬೆ ಆಗ್ಬೇಕಾದ್ರೆ ಉಳಿ ಹಿಡಿಯೋನು ಬೇಡ್ವಾ?’

ಈ ಒಂದು ಮಾತಿನಲ್ಲಿ ನನ್ನ ಲೇಖನವೆಲ್ಲ ಮುಗಿದುಹೋಯಿತು! ಸೂಜಿಯಿಲ್ಲದೆ ಕಸರತ್ತು ಮಾಡಿ ನಡೆದವರು ಸಾವಿರಾರು ಜನ ಇದ್ದಾರೆ. ಕಸರತ್ತು ಬಿಟ್ಟು ಸೂಜಿಯೊಂದನ್ನೇ ನಂಬಿದರೆ ಕೀಲು ಬಿಗಿಯುತ್ತದೆ, ಮಾಂಸಖಂಡ ಸೊರಗುತ್ತದೆ, ಚೇತರಿಕೆಯ ಆ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಸೂಜಿ ಬಂದರೆ ಪೋಷಕ ಪಾತ್ರದಲ್ಲಿ ಬರಲಿ. ಹೀರೋ ಪಾತ್ರ ಅದರದ್ದಲ್ಲ.

ಸೂಜಿಯವರ ಹತ್ತಿರ ಹೋಗುವ ಮೊದಲು

ಹೋಗಲೇಬೇಕು ಅಂತ ಆಸೆ ಇದ್ದರೆ ಹೋಗಿ. ಆದರೆ ಬಾಗಿಲಲ್ಲೇ ನಾಲ್ಕು ಪ್ರಶ್ನೆ ಕೇಳಿ. ಓದಿದ್ದು ಏನು, ಎಲ್ಲಿ? ಸೂಜಿ ಹೊಸದೇ, ನಮ್ಮ ಕಣ್ಣೆದುರಿಗೇ ಪ್ಯಾಕೆಟ್ ಬಿಚ್ಚುತ್ತೀರಾ? ಒಬ್ಬರ ಸೂಜಿ ಇನ್ನೊಬ್ಬರಿಗೆ ಹಾಕಿದರೆ ಕಾಮಾಲೆಯಂಥ ರೋಗ ಅಂಟುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಇದೆ, ಎದೆಯಲ್ಲಿ ಪೇಸ್‌ಮೇಕರ್ ಇದೆ ಅಂದರೆ ನೀವೇನು ಮಾಡುತ್ತೀರಿ? ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಸೂಜಿ ಬೇಡ. ಕೊನೆಯ ಪ್ರಶ್ನೆ: ಡಾಕ್ಟರ ಮಾತ್ರೆ, ಕಸರತ್ತು ಎರಡೂ ಮುಂದುವರಿಸಬಹುದಾ? ‘ಬೇಡ’ ಅಂದರೆ ಅಲ್ಲಿಂದಲೇ ಬಸ್ಸು ಹತ್ತಿ ಮನೆಗೆ ಬನ್ನಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ವಿಭಾಗ ಇದೆ. ಮಿದುಳಿನ ಕಾಯಿಲೆಯವರಿಗೆ ಜಿಲ್ಲೆಯ ಮಟ್ಟದಲ್ಲೇ ಚಿಕಿತ್ಸೆ ಸಿಗಲಿ ಅಂತ ರಾಜ್ಯ ಸರ್ಕಾರ, ನಿಮ್ಹಾನ್ಸ್ ಸೇರಿ 2022ರ ಜನವರಿಯಲ್ಲಿ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯನ್ನೂ ಶುರು ಮಾಡಿದವು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ ಅಂತ ಬಾಯಿಬಿಟ್ಟು ಕೇಳಿ. ಕೇಳಿದವರಿಗೆ ದಾರಿ.

ಮಾವ ಈಗ ಕೋಲು ಹಿಡಿದು ಬೀದಿಯ ತುದಿಯ ತನಕ ಹೋಗಿ ಬರುತ್ತಾರೆ. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ಮೊದಲಿನ ಹಾಗೆ ಇಡೀ ದಿನ ಲೇತಿನ ಮುಂದೆ ಕೂರಲಾಗದು. ಬೆಳಿಗ್ಗೆ ಎರಡು ಗಂಟೆ ಕೂರುತ್ತಾರೆ. ಈಗ ಅವರು ಕಡೆಯೋದು ಯಾವುದಕ್ಕೆ ಗೊತ್ತೇ? ಪುಟ್ಟ ಮಕ್ಕಳು ಹಿಡಿದುಕೊಂಡು ನಡೆಯೋದು ಕಲಿಯುತ್ತವಲ್ಲ, ಆ ಮೂರು ಗಾಲಿಯ ಮರದ ಗಾಡಿಗೆ ಗಾಲಿ!

ಆ ಗಾಡಿಯನ್ನು ಒಮ್ಮೆ ನೋಡಿ ಓದುಗರೇ. ಅದು ಮಗುವನ್ನು ಹೊತ್ತುಕೊಂಡು ಹೋಗೋದಿಲ್ಲ. ಮಗು ತಳ್ಳಿದರೆ ಮಾತ್ರ ಮುಂದೆ ಹೋಗುತ್ತದೆ. ಬೀಳದ ಹಾಗೆ ಆಸರೆ ಕೊಡುತ್ತದೆ, ಅಷ್ಟೇ. ಸೂಜಿಯಾಗಲಿ, ಯಂತ್ರವಾಗಲಿ, ನಂಟರಾಗಲಿ, ಲಕ್ವ ಹೊಡೆದವರಿಗೆ ಆಗಬೇಕಾದದ್ದು ಆ ಗಾಡಿ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಪುಟ ಮಡಚಿಟ್ಟು ಎದ್ದೇಳಿ. ಇವತ್ತಿನ ಹತ್ತು ಹೆಜ್ಜೆ ಇನ್ನೂ ಬಾಕಿ ಇರಬಹುದು!